ಒಡೆಯದ ಗಾಜು

"ಗಾಜು ಒಡದಿಲ್ರಿ. ಇನ್ನೆಷ್ಟು ಸಲ ಹೇಳ್ಲಿ?" ಕಲ್ಯಾಣಪ್ಪ ತಲಬಾಗಿಲಿನ ಚೌಕಟ್ಟಿನ ಎರಡೂ ಬದಿಗೆ ಕೈ ಕೊಟ್ಟು ಅಡ್ಡ ನಿಂತ.

ಹೊಸ್ತಿಲಾಚೆ ನಿಂತವನು ರಾಜರತ್ನ. ಸೊಲ್ಲಾಪುರದ ಇಂಜಿನಿಯರಿಂಗ್ ಕಾಲೇಜಿನವನು. ಕರಿಮಣ್ಣಿನ ನೆಲದಲ್ಲಿ ಕಟ್ಟಿದ, ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆಗಳು ಯಾಕೆ ಬಿರುಕು ಬಿಡುತ್ತವೆ ಎಂಬುದೇ ಅವನ ಪಿಎಚ್‌ಡಿ ಸಂಶೋಧನೆ. ವಾಗದರಿ ಊರಿನ ಈ ಮನೆಯಲ್ಲಿ ದೇವರ ಕೋಣೆಯ ಗೋಡೆ ಬಿರಿದಿತ್ತು. ಆ ಬಿರುಕಿಗೆ ಅಡ್ಡವಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದ್ದರು. ಗೋಡೆ ಸರಿದರೆ ಗಾಜು ಒಡೆಯಬೇಕು; ಗಾಜು ಒಡೆದರೆ ಮನೆಗೆ ಗಂಡಾಂತರ. ಇಷ್ಟೇ ಲೆಕ್ಕ. ಅದೇ ಗೋಡೆಗೆ ಹೊಂದಿದ ಪಕ್ಕದ ಕೋಣೆಯಲ್ಲಿ ಕಲ್ಯಾಣಪ್ಪನ ಸೊಸೆ ಪ್ರಣಿತಾ ಕೂಸನ್ನು ಹಾಕಿಕೊಂಡು ಮಲಗುತ್ತಾಳೆ ಎಂಬುದು ಮಾತ್ರ ಸೊಲ್ಲಾಪುರದಲ್ಲಿದ್ದರೂ ರಾಜರತ್ನನ ನಿದ್ದೆ ಕೆಡಿಸುತ್ತಿತ್ತು.

ಪಟ್ಟಿ ಅಂಟಿಸಿದ್ದು ಅವನಲ್ಲ. ಮೊದಲ ದಿನ ಕಲ್ಯಾಣಪ್ಪ ಕುಡಿಯಲು ನೀರು ಕೊಡುವ ಮೊದಲೇ ಅಡ್ಡಹೆಸರು ಕೇಳಿದ್ದ. ಅಡ್ಡಹೆಸರು ಹೇಳಿದ ಮೇಲೆ ಜಾತಿ ಬೇರೆ ಕೇಳಬೇಕೇ? "ದೇವರ ಮನಿ ಅದ, ಒಳಗ ಬ್ಯಾಡ್ರಿ. ನೀವ್ ಹೇಳ್ರಿ, ನಮ್ಮಾಕಿ ಹಚ್ತಾಳ" ಎಂದಿದ್ದ. ಯಾಕೆ ಅಂಟಿಸುವುದೆಂದು ಕಲ್ಯಾಣಪ್ಪನಿಗೆ ಹೇಳಿದ್ದಾಯಿತು, ಹೇಗೆ ಅಂಟಿಸುವುದೆಂದು ಅವನ ಹೆಂಡತಿ ಗುರುಲಿಂಗಮ್ಮನಿಗೆ. ರಾಜರತ್ನನಿಗೆ ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ನುಂಗಿಕೊಂಡ. ಅಂದಿನಿಂದ ಪ್ರಣಿತಾ ವಾರವಾರ ಮೊಬೈಲಿನಲ್ಲಿ ಫೋಟೋ ಕಳಿಸುತ್ತಿದ್ದಳು. ಯಾವ ಫೋಟೋದಲ್ಲೂ ಗಾಜಿಗೆ ಕೂದಲೆಳೆಯಷ್ಟು ಸೀಳಿಲ್ಲ.

ಇವತ್ತು ಮನೆಯ ಹಿಂದೆ ಹೋಗಿ ನೋಡಿದರೆ, ಅದೇ ಗೋಡೆಯ ಹೊರಮೈಯಲ್ಲಿ ಹೋದ ತಿಂಗಳು ಉಗುರು ಹೋಗುತ್ತಿದ್ದ ಸಂದಿಯೊಳಗೆ ಹೆಬ್ಬೆರಳು ಹೋಯಿತು. ಹೊರಗೆ ಗೋಡೆ ಹರಿದು, ಒಳಗೆ ಗಾಜು ಗಟ್ಟಿ ಇರುವುದೆಂದರೇನು? ಇವರು ಹಳೆಯ ಫೋಟೋವನ್ನೇ ತಿರುಗಿ ತಿರುಗಿ ಕಳಿಸಿ ನನ್ನ ಕಿವಿಗೆ ಹೂ ಇಡುತ್ತಿದ್ದಾರೆ ಎಂದು ಅವನ ತಲೆಗೆ ಹುಳ ಹೊಕ್ಕಿತು.

"ಕಾಕಾ, ಗ್ವಾಡಿ ಹೊರಗ ಬಾಯಿ ಬಿಟ್ಟದ. ಒಂದಽ ಸಲ ಒಳಗ ನೋಡ್ತೀನ್ರಿ."

"ಮದಲ ಗಾಜ ಹಚ್ತೀವಿ ಅಂತೀರಿ, ಆಮ್ಯಾಲ ಒಳಗ ಬರ್ತೀವಿ ಅಂತೀರಿ. ನಾಳಿ ಜಾಗಾ ಅಳಿಯೋ ಮೋಜಣಿ ಮಂದಿನ್ನ ಕರ್ಕೊಂಡ್ ಬಂದು ಅಂಗಳದಾಗ ಕಲ್ಲ ಹುಗೀತೀರಿ. ಖರೇ ಹೇಳ್ರಿ, ನೀವು ಹೊಸಾ ರಸ್ತಾದವ್ರು ಹೌದಲ್ಲೋ?"

ಕಲ್ಯಾಣಪ್ಪನ ಸಂಶಯವೂ ಸುಮ್ಮನೆ ಹುಟ್ಟಿದ್ದಲ್ಲ. ಹೆದ್ದಾರಿಯ ಸುದ್ದಿ ಹಬ್ಬಿದಾಗಿನಿಂದ ಆ ಊರಲ್ಲಿ ಅನುಮಾನವು ಜೋಳಕ್ಕಿಂತ ಹುಲುಸಾಗಿ ಬೆಳೆದಿತ್ತು. ಟೇಪು ಹಿಡಿದವನನ್ನು ಕಂಡರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಮನೆ ಅಪಾಯದಲ್ಲಿದೆ ಎಂದು ಬರೆದು ಅಗ್ಗಕ್ಕೆ ಕಸಿದುಕೊಳ್ಳಲು ಬಂದವನೇ ಈತ ಎಂದು ಅವನಿಗೆ ಖಾತ್ರಿಯಾಗಿತ್ತು. ಅದಕ್ಕೇ ಗಾಜು ಒಡೆದರೆ ಏನರ್ಥ ಎಂಬುದನ್ನು ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಹಂಗಾದ್ರ ಇವತ್ತಿನ ಪೇಪರ್ ಬಾಜೂಕ ಹಿಡದು ಫೋಟೋ ತಗದು ತೋರಸ್ರಿ" ಎಂದ ರಾಜರತ್ನ.

"ನಮ್ಮನ್ನ ಕಳ್ಳರಂತ ತಿಳದೀಯೇನ?" ಇಷ್ಟು ಹೊತ್ತು ಇದ್ದ ಮರ್ಯಾದೆ ಅಲ್ಲೇ ಉದುರಿಹೋಯಿತು. ಆದರೂ ಕಲ್ಯಾಣಪ್ಪ ಒಳಗೆ ಕೂಗಿದ, "ಪ್ರಣಿತಾ, ತಗದು ತೋರ್ಸವ್ವಾ ಇವಗ."

ಪ್ರಣಿತಾ ಮೊಬೈಲು ತಂದು ಹಿಡಿದಳು. ಗಾಜು ಇಡಿಯಾಗಿಯೇ ಇತ್ತು. ಪಕ್ಕದಲ್ಲಿ ಇವತ್ತಿನ ತಾರೀಖು. ಕಲ್ಯಾಣಪ್ಪ ಮೀಸೆಯಡಿ ನಕ್ಕ. ರಾಜರತ್ನನಿಗೆ ನಾಚಿಕೆಯಾಯಿತು, ಪಾಪ. ತಪ್ಪಾಯಿತು ಎನ್ನಲು ಬಾಯಿ ತೆರೆದವನು, ಅಭ್ಯಾಸಬಲದಿಂದೆಂಬಂತೆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದ. ಗಾಜಿನ ಎರಡೂ ತುದಿಯ ಸಿಮೆಂಟು ಕಪ್ಪಗೆ ಮಿಂಚುತ್ತಿತ್ತು.

"ಸಿಮೆಂಟ್ ಹಸಿ ಅದಲ್ರಿ ಇದು!"

ಮಾವ ಸೊಸೆಯ ಮುಖ ನೋಡಿದ, ಸೊಸೆ ಅತ್ತೆಯ ಮುಖ ನೋಡಿದಳು. ಗುರುಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಹಸಿ ಇರದ ಏನ್ ಮಾಡ್ತದ? ಮುಂಜಾನಿ ನಾನಽ ಹಚ್ಚೀನಿ. ಒಡದ ಗಾಜ ದೇವರ ಮುಂದ ಇರಬಾರದು, ಮನಿಗಿ ಒಳ್ಳೇದಲ್ಲ. ಇಷ್ಟ ಸಾಲಿ ಕಲ್ತೀದಿ, ಅಷ್ಟೂ ಗೊತ್ತಿಲ್ಲೇನೋ ತಮ್ಮಾ? ಅಕ್ಕಲಕೋಟದಾಗ ಫೋಟೋಕ್ಕ ಕಟ್ಟು ಹಾಕಾಂವ ಅದಾನ, ಅವನ ಕಡಿಂದ ಕೊಯ್ಸಿ ತರಸ್ತೀನಿ. ನೀ ಕೊಟ್ಟಿದ್ದಕಿಂತ ಛಲೋ ಗಾಜು."

"ಎಷ್ಟ ಸಲ ಬದಲ ಮಾಡೀರಿ, ಆಯಿ?" ರಾಜರತ್ನ ಕೇಳಿದ.

"ಯಾರ ಎಣಸ್ಯಾರ? ಮದಲ ಅಮಾಸಿಗೊಂದು ಒಡೀತಿತ್ತು. ಮಳಿ ಹಿಡದ ಮ್ಯಾಲ ವಾರಕ್ಕೊಂದು. ಈಗ ಮುಂಜಾನಿ ಹಚ್ಚಿದ್ದು ಸಂಜೀತನಾ ತಡ್ಯಂಗಿಲ್ಲ ನೋಡು."

ಕಲ್ಯಾಣಪ್ಪನ ಕೈಗಳು ಬಾಗಿಲಿನಿಂದ ತಾವಾಗಿಯೇ ಇಳಿದವು. ಮಳೆಗಾಲಕ್ಕೆ ಮುಂಚೆ ವರ್ಷ ವರ್ಷವೂ ತಾನೇ ಬುಟ್ಟಿಗಟ್ಟಲೆ ಮಣ್ಣು ಹೊತ್ತು ಹಾಕಿದ ಮಾಳಿಗೆಯನ್ನು ಅವನು ಕತ್ತೆತ್ತಿ ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ದೇವರ ಮನ್ಯಾಗಽ ಬರ್ರಿ, ಏನೂ ತಿಳ್ಕೊಬ್ಯಾಡ್ರಿ. ಬಂದು ನೋಡಿ ಹೇಳ್ರಿ."

ರಾಜರತ್ನ ಕಾಲೆತ್ತಲಿಲ್ಲ.

"ನಾ ಒಳಗ ಬರಂಗಿಲ್ಲ ಕಾಕಾ. ಮದಲ ಕೂಸನ್ನ ತರ್ರಿ. ಆಮ್ಯಾಲ ನೀವೆಲ್ಲಾರೂ ಹೊರಗ ಬರ್ರಿ."