ಉತ್ತರ ಬಾರದ ದೂರು

ದಿನವೂ ಫೋನ್ ಮಾಡುತ್ತಿದ್ದವರು ಯಾರಾದರೂ ಈಚೆಗೆ ಸುಮ್ಮನಾಗಿದ್ದಾರೆಯೇ? ಹಾಗಾದರೆ ಇದನ್ನು ನಿಧಾನವಾಗಿ ಓದಿ...

ಕಾರ್ಕಳದಲ್ಲಿ ಹರಿಣಾಕ್ಷಿ ಎಂಬ ಪಾಲಿಟೆಕ್ನಿಕ್ ಉಪನ್ಯಾಸಕಿ ಇದ್ದರು. ಬಿಡುವಿನ ವೇಳೆಯಲ್ಲಿ ಅವರು 'ಅಂಗಳ' ಎಂಬ ಲಿನಕ್ಸ್ ಡೆಸ್ಕ್‌ಟಾಪ್ ತಂಡಕ್ಕೆ ದುಡಿಯುತ್ತಿದ್ದರು.

ಕಂಪ್ಯೂಟರ್ ತೆರೆದೊಡನೆ ಕಾಣುವ ಪರದೆ, ಮೆನು, ಬಟನ್ನುಗಳು... ಇವನ್ನೆಲ್ಲ ಊರೂರಿನ ಜನ ಸೇರಿ ಕಟ್ಟಿ, ಯಾರು ಬೇಕಾದರೂ ಬಳಸಲಿ, ಬೇಕಾದರೆ ತಿದ್ದಲಿ ಎಂದು ಪುಕ್ಕಟೆಯಾಗಿ ಕೊಡುತ್ತಿದ್ದರು.

ಬಳಸುವವರ ದೂರುಗಳನ್ನು ನೋಡಿಕೊಳ್ಳುವುದು ಹರಿಣಾಕ್ಷಿಯವರ ಪಾಲಿನ ಕೆಲಸ.

ಅಲ್ಲಿ ಒಂದು ಪದ್ಧತಿ ಇತ್ತು. ಹೊಸ ಆವೃತ್ತಿ ಬರುವ ಮುಂಚೆ ಪ್ರತಿ ಹಳೆಯ ದೂರಿನ ಕೆಳಗೂ "ಈ ತೊಂದರೆ ಇನ್ನೂ ಇದೆಯೇ?" ಎಂದು ಕೇಳುವುದು. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ... ದೂರನ್ನು ಮುಚ್ಚಿಬಿಡುವುದು.

ಒಂದು ಭಾನುವಾರ ಒಂದೇ ದಿನದಲ್ಲಿ ಅವರು ನೂರ ಹನ್ನೊಂದು ದೂರುಗಳನ್ನು ಮುಚ್ಚಿದರು. ತಂಡದ ಗ್ರೂಪಿನಲ್ಲಿ ಯಾರೋ, "ಅಕ್ಕ ಪೊರಕೆ ಹಿಡಿದ್ರೆ ಜೇಡಕ್ಕೂ ಜಾಗ ಇಲ್ಲ" ಎಂದು ಹಾಕಿದರು. ಎಲ್ಲರೂ ನಕ್ಕರು. ಹರಿಣಾಕ್ಷಿಯವರಿಗೂ ಒಳಗೊಳಗೇ ಹೆಮ್ಮೆ.

ಮುಚ್ಚಿದವುಗಳಲ್ಲಿ ಒಂದು ಗದಗಿನ ಚನ್ನವೀರಪ್ಪನವರದು. ಮೂರು ವರ್ಷದ ಹಿಂದೆ ಬರೆದಿದ್ದರು... ಹಳೆಯ ಸಣ್ಣ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸೇವ್ ಬಟನ್ ಕೆಳಗೆ ಜಾರಿ ಮರೆಯಾಗುತ್ತದೆ, ಎಂದು.

ಪ್ರತಿ ಆವೃತ್ತಿಗೂ ಕೇಳಿದ ದಿನವೇ ಅವರ ಉತ್ತರ ಬರುತ್ತಿತ್ತು. "ನೋಡಿದೆ. ಇನ್ನೂ ಇದೆ. ತೊಂದರೆ ಕೊಟ್ಟೆ, ಕ್ಷಮಿಸಿ."

ಈ ಸಲ ಬರಲಿಲ್ಲ. ಸರಿಹೋಗಿರಬೇಕು ಎಂದುಕೊಂಡು ಹರಿಣಾಕ್ಷಿ ಮುಚ್ಚಿದ್ದರು.

ಮರುದಿನ ಮುಚ್ಚಿದ ಆ ದೂರಿನ ಕೆಳಗೆ ನಾಲ್ಕು ಸಾಲು ಬಂದು ಕೂತಿತ್ತು...

"ತಂಗಿ, ನಾನು ಚನ್ನವೀರಪ್ಪನವರ ಮನಿಯಾಕಿ ಬಸಲಿಂಗಮ್ಮ. ಅವರು ಲಿಂಗೈಕ್ಯರಾಗಿ ಎರಡು ತಿಂಗಳಾತು. ನೀವು ಕೇಳಿದ್ರಿ ಅಂತ ನಾನ ಅಕ್ಷರ ದೊಡ್ಡದು ಮಾಡಿ ನೋಡಿದೆ. ಬಟನ್ ಇನ್ನೂ ಕಾಣಂಗಿಲ್ಲ."

ಕೆಳಗೆ ಒಂದು ಫೋನ್ ನಂಬರ್.

ಹರಿಣಾಕ್ಷಿ ಎದ್ದು ಬೀರುವಿನಿಂದ ತಮ್ಮ ಹಳೆಯ ಸಣ್ಣ ಲ್ಯಾಪ್‌ಟಾಪ್ ತೆಗೆದರು. ಅಕ್ಷರ ದೊಡ್ಡದು ಮಾಡಿದರು. ಸೇವ್ ಬಟನ್ ಕೆಳಗೆ ಜಾರಿತು... ಕಾಣದಾಯಿತು.

ಎರಡು ನಿಮಿಷದ ಕೆಲಸ. ಮೂರು ವರ್ಷದಲ್ಲಿ ಅವರು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಕೇಳಿದ್ದರು, ಅಷ್ಟೆ.

ಕೂಡಲೇ ಫೋನ್ ಮಾಡಿದರು. ಬಸಲಿಂಗಮ್ಮ ಸಾವಕಾಶವಾಗಿ ಎಲ್ಲ ಹೇಳಿದರು.

ಅವರ ಯಜಮಾನರು ನಲವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ನಿವೃತ್ತಿಯಾದ ಮೇಲೆ ಓಣಿಯ ವಾಚನಾಲಯದಲ್ಲಿ ಮೂರು ಹಳೆಯ ಕಂಪ್ಯೂಟರುಗಳಿಗೆ 'ಅಂಗಳ' ಹಾಕಿ, ತಮ್ಮಂಥ ವಯಸ್ಸಾದವರಿಗೆ ಟೈಪಿಂಗ್ ಕಲಿಸುತ್ತಿದ್ದರು.

ವಯಸ್ಸಾದ ಕಣ್ಣಿಗೆ ದೊಡ್ಡ ಅಕ್ಷರವೇ ಬೇಕು. ಸೇವ್ ಮಾಡುವಾಗಲೆಲ್ಲ ಅವರೇ ಎದ್ದು ಬಂದು ಅಕ್ಷರ ಸಣ್ಣದು ಮಾಡಿ, ಬಟನ್ ಒತ್ತಿ, ಮತ್ತೆ ದೊಡ್ಡದು ಮಾಡಿಕೊಡುತ್ತಿದ್ದರು.

ಅವರು ಹೋದ ಮೇಲೆ... ಆ ಉಪಾಯ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ತಮ್ಮ ಬಾಳಿನ ಕಥೆಯ ಮೂರು ಪುಟ ಟೈಪ್ ಮಾಡಿ ಎರಡು ಸಲ ಕಳೆದುಕೊಂಡರು. ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಹೀಗೇ ಆದರೆ ಮುಂದಿನ ತಿಂಗಳು ಕಂಪ್ಯೂಟರ್ ತೆಗೆಸುತ್ತೇವೆ ಎಂದು ವಾಚನಾಲಯದವರು ಹೇಳಿದ್ದರು.

ಯಜಮಾನರ ನೋಟ್‌ಬುಕ್ ಓದಿ ಬಸಲಿಂಗಮ್ಮ ಆ ಉಪಾಯ ಕಲಿತರು. ಈಗ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಅದೊಂದೇ ಕೆಲಸಕ್ಕೆ ವಾಚನಾಲಯಕ್ಕೆ ಹೋಗಿ ಕೂರುತ್ತಿದ್ದರು.

ಹರಿಣಾಕ್ಷಿ ಹೇಳಿದರು, "ತಪ್ಪಾಯ್ತಮ್ಮ. ಉತ್ತರ ಬರಲಿಲ್ಲ, ಸರಿಹೋಗಿರ್ಬೇಕು ಅಂದುಕೊಂಡೆ."

ಬಸಲಿಂಗಮ್ಮ ಮೆಲ್ಲಗೆ ಹೇಳಿದರು...

"ನಾನೂ ಹಂಗ ಅಂದ್ಕೊಂಡಿದ್ದೆ, ತಂಗಿ. ಕಡೀ ವಾರ ಅವರು ಎದಿ ನೋಯ್ತದ ಅನ್ನೋದು ಬಿಟ್ಟಿದ್ರು. ಕಡಿಮಿ ಆಗಿರಬೇಕು ಅಂತ... ನಾನೂ ಕೇಳಲಿಲ್ಲ."

ಫೋನ್ ಹಿಡಿದುಕೊಂಡೇ ಇಬ್ಬರೂ ಅತ್ತರು.

ಅಂದು ಹರಿಣಾಕ್ಷಿ ಆ ದೂರನ್ನು ಮತ್ತೆ ತೆರೆದರು. ಬಸಲಿಂಗಮ್ಮನವರ ನಾಲ್ಕು ಸಾಲನ್ನು ಗ್ರೂಪಿಗೆ ಹಾಕಿ, ಇದು ಸರಿಯಾಗುವವರೆಗೆ ಹೊಸ ಆವೃತ್ತಿ ಬೇಡ ಎಂದು ಬೇಡಿಕೊಂಡರು. ಒಬ್ಬಿಬ್ಬರು ಗೊಣಗಿದರು. ಆದರೆ ಈ ಸಲ ಯಾರೂ ತಮಾಷೆ ಮಾಡಲಿಲ್ಲ.

ಎಲ್ಲಿಯದೋ ದೇಶದ, ಮುಖ ಕಾಣದ ಗೆಳೆಯರೊಬ್ಬರು ಮೂರು ದಿನದಲ್ಲಿ ತಿದ್ದಿಕೊಟ್ಟರು. ತಿದ್ದುಪಡಿ ಒಟ್ಟು ಒಂಬತ್ತು ಸಾಲು ಕೋಡ್.

ಆದರೂ ಹರಿಣಾಕ್ಷಿ ದೂರನ್ನು ಮುಚ್ಚಲಿಲ್ಲ. ತಿದ್ದಿದ ಪ್ರೂಫ್ ತಿರುಗಿ ಬಂದು ಕಣ್ಣಾರೆ ನೋಡುವ ತನಕ ಚನ್ನವೀರಪ್ಪನವರು ಯಾವ ಪುಟಕ್ಕೂ ಸಹಿ ಹಾಕುತ್ತಿರಲಿಲ್ಲವಂತೆ. ಬಸಲಿಂಗಮ್ಮ ಹೇಳಿದ್ದ ಆ ಮಾತು ಅವರಿಗೆ ನೆನಪಿತ್ತು.

ಹೊಸ ಆವೃತ್ತಿ ಹಾಕುವುದನ್ನು ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು, "ನೀವು ನೋಡಿ ಹೇಳಿ, ಅಮ್ಮ. ಆಮೇಲೆ ಮುಚ್ಚುತ್ತೇನೆ" ಎಂದರು.

ಬಸಲಿಂಗಮ್ಮ ಅಕ್ಷರ ದೊಡ್ಡದು ಮಾಡಿದರು... ಇನ್ನೂ ದೊಡ್ಡದು ಮಾಡಿದರು...

"ಕಾಣಸ್ತದ, ತಂಗಿ."

ಯಜಮಾನರ ನೋಟ್‌ಬುಕ್ಕಿನಲ್ಲಿ ಒಂದೊಂದು ಆವೃತ್ತಿಯ ಮುಂದೆಯೂ ಸಾಲಾಗಿ "ಇನ್ನೂ ಇದೆ", "ಇನ್ನೂ ಇದೆ" ಎಂದಿತ್ತು. ಕೊನೆಯ ಸಾಲು ಖಾಲಿ. ಆಕೆ ಅವರದೇ ಕೆಂಪು ಪೆನ್ಸಿಲ್ ತೆಗೆದು ಅಲ್ಲಿ ಒಂದು ರೈಟ್ ಗುರುತು ಹಾಕಿದರು.

ತಂಡದ ಆ ತಿಂಗಳ ಸುದ್ದಿಪತ್ರದಲ್ಲಿ ಹೊಸ ಸೌಲಭ್ಯಗಳ ಉದ್ದನೆಯ ಪಟ್ಟಿಯ ಕೆಳಗೆ ಒಂದು ಸಾಲಿತ್ತು... "ಸೇವ್ ಬಟನ್ ತಪ್ಪು: ಕಂಡು ಹೇಳಿದವರು ದಿವಂಗತ ಚನ್ನವೀರಪ್ಪ, ನೋಡಿ ಒಪ್ಪಿದವರು ಬಸಲಿಂಗಮ್ಮ, ಗದಗ."

ಅದರ ಕೆಳಗೆ ಹೊಸ ನಿಯಮ. ಉತ್ತರ ಬಾರದಿದ್ದರೆ ನಾವೇ ಮಾಡಿ ನೋಡಬೇಕು. ನೋಡದೆ ಮುಚ್ಚಬಾರದು.

ವಾಚನಾಲಯದ ಮೂರೂ ಕುರ್ಚಿ ಮತ್ತೆ ತುಂಬಿವೆ. ಪೋಸ್ಟ್‌ಮ್ಯಾನ್ ಅವರ ಕಥೆ ಹನ್ನೆರಡನೆಯ ಪುಟಕ್ಕೆ ಬಂದಿದೆ.

ಬಸಲಿಂಗಮ್ಮನವರಿಗೆ ಈಗ ಅಲ್ಲಿ ಕೆಲಸವಿಲ್ಲ. ಆದರೂ ದಿನಾ ಹೋಗುತ್ತಾರೆ. ಬಂದವರನ್ನೆಲ್ಲ "ಆರಾಮದೀರೇನು?" ಎಂದು ಕೇಳುತ್ತಾರೆ. "ಹೂಂ" ಎಂದವರನ್ನು... ಮುಖ ನೋಡಿ ಇನ್ನೊಮ್ಮೆ ಕೇಳುತ್ತಾರೆ.

ನಾವು ಮೊರೆಯಿಡುವುದನ್ನು ನಿಲ್ಲಿಸಿದರೂ ಭಗವಂತ ಕಿವಿ ಮುಚ್ಚುವುದಿಲ್ಲ. ಮನುಷ್ಯರಾದ ನಾವೇ ಬೇಗ ಮುಚ್ಚಿಬಿಡುತ್ತೇವೆ...

*ದನಿ ನಿಂತಿತು ಎಂದರೆ ನೋವು ನಿಂತಿತು ಎಂದಲ್ಲ.*

ನಿಮ್ಮವರಲ್ಲಿ ಯಾರ ಮೌನವನ್ನು ನೀವು ಸುಖವೆಂದು ತಿಳಿದು ಸುಮ್ಮನಿದ್ದೀರಿ?