ಅರ್ಧಕ್ಕಿಂತ ಹೆಚ್ಚು

“ನನ್ನ ರೊಕ್ಕ ನನಗ ವಾಪಸ್ ಕೊಡ್ರಿ. ನಿಮ್ಮ ಬಿಲ್ಡಿಂಗೂ ಬ್ಯಾಡ, ಪಾಲೂ ಬ್ಯಾಡ!”

ಸಣ್ಣಬಸಪ್ಪ ಬಾಗಿಲಲ್ಲೇ ನಿಂತು ಕೂಗಿದ. ಅವನ ಹಿಂದೆ ಇನ್ನೂ ನಾಲ್ವರು ಪಾಲುದಾರರು.

ಲೋಕನಾಥ ಲೆಕ್ಕದ ಪುಸ್ತಕ ಮುಚ್ಚಿದ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗಾಗಿಯೇ ಒಂದು ದೊಡ್ಡ ಕಟ್ಟಡ ಎಬ್ಬಿಸಲು ಹೊರಟಿದ್ದ. ಸ್ವಂತ ಬಂಡವಾಳ ತೋರಿಸದೆ ಬ್ಯಾಂಕು ಸಾಲ ಕೊಡದು. ಹಾಗಾಗಿ ಈ ಐವರು ಹೊಲಿಗೆ ಶೆಡ್ಡಿನವರಿಗೂ ಅಕ್ಕ ಬನಶಂಕರಮ್ಮನಿಗೂ ಪಾಲು ಮಾರಿದ್ದ. ಅರ್ಧ ದಾಟಿದವರದೇ ಕೊನೆಯ ಮಾತು ಎಂದು ಕರಾರು. ತನಗೆ ಅರ್ಧ ಉಳಿದಿರಲಿಲ್ಲ. ಆದರೂ ಎಲ್ಲರಿಗಿಂತ ದೊಡ್ಡ ಪಾಲು ತನ್ನದೇ ಎಂಬ ಧೈರ್ಯ.

“ಮಡಕಶಿರಾಕ ಯಾಕ ಹೋಗಿದ್ರಿ? ನಮ್ಮ ರೊಕ್ಕದಾಗ ಅಲ್ಲಿ ಹೊಲ ಹಿಡಿಯಾಕೇನು?”

“ತಿಮ್ಮರಾಜು ಅಂತ ರೇಷ್ಮೆ ಬೆಳೆಯೋರು ಅದಾರ್ರಿ. ಅವರನ್ನೂ ಪಾಲಿಗೆ ಕರೆಯಾಕ ಹೋಗಿದ್ದೆ.”

ಯಾರೂ ನಂಬಲಿಲ್ಲ. ಮಾತು ಕುದುರುವ ಮೊದಲೇ ಸುದ್ದಿಯಾಗಬಾರದೆಂದು ಮನೆಯವರಿಗಷ್ಟೇ ಹೇಳಿ ಹೋಗಿದ್ದ. ಈಗ ಅದೇ ಮುಳುವಾಯಿತು. ಇದು ಎದುರಾಳಿ ಬಿಲ್ಡರ್ ಸಿದ್ದಬಸಪ್ಪನ ಕಿತಾಪತಿಯೇ ಎಂದು ಹಲ್ಲು ಕಡಿದ. ಹಣವೆಲ್ಲ ಪಾಯಕ್ಕೆ ಸುರಿದಾಗಿತ್ತು. ಎಲ್ಲಿಂದ ತಂದು ಕೊಡುವುದು? ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಎಡತಾಕಿದ.

ಗದ್ದಲ ಕೇಳಿ ಬನಶಂಕರಮ್ಮ ಬಂದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಅಂಜಬ್ಯಾಡ ತಮ್ಮಾ. ಇವರ ಪಾಲೆಲ್ಲ ನಾನ ತಗೋತೀನಿ. ನನ್ನ ಹೊಲಿಗಿ ಶೆಡ್ಡು ಅಡ ಇಟ್ಟ ರೊಕ್ಕ ಐತಿ.”

ಲೋಕನಾಥನ ಕಣ್ಣು ತುಂಬಿತು. ಕಟ್ಟಡದ ಮಾತು ಎತ್ತಿದ ದಿನವೇ ಅಕ್ಕ ಸಮಪಾಲು ಕೇಳಿದ್ದಳು. ‘ನಿನಗ್ಯಾಕ ಈ ಉಸಾಬರಿ’ ಎಂದು ತಾನು ನಕ್ಕಿದ್ದ. ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳದ ಹೆಂಗಸು! ಬಗ್ಗಿ ಅವಳ ಕಾಲು ಮುಟ್ಟಿದ.

ಮರುದಿನ ಆಡಿಟರ್ ಆಫೀಸಿನಲ್ಲಿ ಐವರೂ, ಬಂದಷ್ಟು ಬರಲೆಂದು, ಹಾಕಿದ್ದಕ್ಕಿಂತ ಕಡಿಮೆಗೇ ಪಾಲು ಬಿಟ್ಟುಕೊಟ್ಟರು. ಅಕ್ಕನ ಪಾಲು ಅರ್ಧ ದಾಟಿತು. ಹೊರಗಿನವರ ಕೈಸೇರದೆ ಮನೆಯಲ್ಲೇ ಉಳಿಯಿತಲ್ಲ ಎಂದು ಲೋಕನಾಥ ಸಮಾಧಾನಪಟ್ಟ. ಆದರೆ ಒಳಗಿನ ಕುದಿ ಆರಲಿಲ್ಲ. ಮೆಟ್ಟಿಲ ಬಳಿ ಸಣ್ಣಬಸಪ್ಪನನ್ನು ತಡೆದ.

“ಒಂದು ಹೇಳಿ ಹೋಗ್ರಿ. ಸಿದ್ದಬಸಪ್ಪ ನಿಮ್ಮ ಕಿವಿಯಾಗ ಊದಿದ್ದು ಯಾವಾಗ?”

“ಅವನ ಮಾತು ಯಾರು ಕೇಳ್ತಾರ್ರಿ?” ಸಣ್ಣಬಸಪ್ಪ ಚಪ್ಪಲಿ ಮೆಟ್ಟಿದ. “ಒಡಹುಟ್ಟಿದ ನಿಮ್ಮ ಅಕ್ಕಾರು ತಾವಾಗಿ ನಮ್ಮ ಮನಿಗೆ ಬಂದು, ಕಣ್ಣೀರು ಹಾಕಿ ಹೇಳಿದ ಮ್ಯಾಲ ನಂಬದ ಹ್ಯಾಂಗ ಇರ್ಲಿ?”