ಪದಕದ ಮೇಲಿನ ಎರಡು ಕೈಗಳು

ಹೊಸ ಕಪ್ಪು ಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕುವೈತಿನ ರುಮೈಥಿಯಾದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಬಟ್ಟೆ ಹೊಲಿದುಕೊಡುತ್ತಿದ್ದ ಅಮ್ಮ ಅಂದು ಒಬ್ಬ ಕುವೈತಿ ಹೆಂಗಸಿನ ಮನೆಗೆ ಕಪ್ಪು ನಿಲುವಂಗಿಯ ಅಳತೆ ತೆಗೆಯಲು ಹೋಗಿದ್ದಳು, ಜೊತೆಗೆ ನಾನೂ. ಅಲ್ಲಿ ಮನೆಯೊಡತಿಯನ್ನು ಕರೆಯುವ ಹಾಗೆ ಅಮ್ಮ ಅವರನ್ನು ಮಾಮಾ ಎನ್ನುತ್ತಿದ್ದಳು. ಮಾಮಾರ ಕೊರಳಲ್ಲಿ ಚಿನ್ನದ ಪದಕವಿತ್ತು. ಅದರ ಮೇಲೆ ಎರಡು ಪುಟ್ಟ ಕೈಗಳು, ಮಣಿಕಟ್ಟಿನ ಸುತ್ತ ಕೂದಲೆಳೆಯಂಥ ಸರಪಳಿ.

"ಅಮ್ಮಾ, ಅದು ಬಳೆಯಾ?" ಎಂದು ಬೆರಳು ತೋರಿಸಿದೆ.

ಮಾಮಾ ಪದಕ ಮುಟ್ಟಿಕೊಂಡು ಮುರುಕು ಹಿಂದಿಯಲ್ಲಿ, "ನನ್ನ ಮಗ ಖಾಲಿದ್. ಅಸೀರ್," ಎಂದರು.

ನನಗೆ ಬರುತ್ತಿದ್ದದ್ದೇ ನಾಲ್ಕು ಅರಬ್ಬಿ ಮಾತು. ಅಸೀರ್ ಅಂದರೆ ನಮ್ಮ ಮನೆ ಕೆಳಗಿನ ಅಂಗಡಿಯ ಹಣ್ಣಿನ ರಸ. "ನಂಗೂ ಅಸೀರ್," ಎಂದೆ.

ಅಮ್ಮನ ಟೇಪು ಮಾಮಾರ ತೋಳಿನ ಮೇಲೆಯೇ ನಿಂತಿತು.

"ಸುಮ್ಮನಿರು ಮಾರಾಯ್ತಿ," ಎಂದಳು ಮೆಲ್ಲಗೆ, ಕನ್ನಡದಲ್ಲಿ. "ಇದು ಜ್ಯೂಸ್ ಅಲ್ಲ. ಸೆರೆಯಾಳಿಗೂ ಹಾಗೇ ಹೇಳುವುದು. ಯುದ್ಧದಲ್ಲಿ ಅವರ ಮಗನನ್ನು ಹಿಡಿದುಕೊಂಡು ಹೋದವರು ಇನ್ನೂ ಬಿಟ್ಟಿಲ್ಲ. ಅದು ಬಳೆಯಲ್ಲ, ಕೋಳ."

ಮಾಮಾ ಒಳಗೆ ಹೋಗಿ ದೊಡ್ಡ ಗ್ಲಾಸಿನಲ್ಲಿ ಕಿತ್ತಳೆ ರಸ ತಂದರು. ನಾನು ಕುಡಿಯುವಾಗ ಎದುರಿಗೆ ನೆಲದ ಮೇಲೆ ಕೂತು ನನ್ನ ಗಂಟಲನ್ನೇ ನೋಡಿದರು.

"ಅಲ್ಲಿ ಅವನಿಗೆ ನೀರಾದರೂ ಕೊಡುತ್ತಾರೋ ಇಲ್ಲವೋ," ಎಂದರು.

ಅಮ್ಮ ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

ಗ್ಲಾಸು ಖಾಲಿಯಾಗುತ್ತಲೇ ಮಾಮಾ ಮತ್ತೆ ತುಂಬಿದರು. ನನ್ನ ಹೊಟ್ಟೆ ಬಿರಿಯುತ್ತಿತ್ತು. ಅಮ್ಮನ ಮುಖ ನೋಡಿದೆ.

"ಕುಡಿ ಮಗಾ," ಎಂದಳು ಅಮ್ಮ.